ರವೆ ಕೇಕ್, ಹಳೇ ಡಬ್ಬಿ, ಅರ್ಧ ಕಪ್ ಮೊಸರು

ಬೆಳಿಗ್ಗೆ 7:30. ಅಮ್ಮ ರವೆ ಕೇಕ್ ಕೇಳಿದ್ದಾರೆ. ಒಂದು ಕಪ್ ರವೆಗೆ ಸಕ್ಕರೆ, ಎಣ್ಣೆ, ಅರ್ಧ ಕಪ್ ಹುಳಿ ಮೊಸರು ಹಾಕಿ ಕಲಸಿ ನೆನೆಯಲು ಇಟ್ಟಿದ್ದೇನೆ. ಬೇಕಿಂಗ್ ಪೌಡರ್ ಡಬ್ಬಿ ತೆಗೆದರೆ, ತಳದಲ್ಲಿ ಗಂಟು ಕಟ್ಟಿ ಕೂತಿದೆ.

ಇದಕ್ಕೆ ಇನ್ನೂ ಜೀವ ಇದೆಯಾ? ಸ್ವಲ್ಪ ಬಿಸಿನೀರಿಗೆ ಅರ್ಧ ಚಮಚ ಹಾಕುತ್ತೇನೆ. ನೋಡಿ, ನಾಲ್ಕು ಗುಳ್ಳೆ ಬಂತು, ಸುಮ್ಮನಾಯಿತು. ಚೆನ್ನಾಗಿದ್ದರೆ ಭುಸ್ಸೆಂದು ನೊರೆ ಉಕ್ಕುತ್ತಿತ್ತು. ಒಳಗಿರುವುದು ಅಡುಗೆ ಸೋಡಾ, ಒಂದು ಹುಳಿ ಪುಡಿ, ಇವೆರಡೂ ಒಣಗಿರಲಿ ಅಂತ ಕಾರ್ನ್ ಫ್ಲೋರ್. ತೇವ ತಾಗಿದರೆ ಸೋಡಾ, ಹುಳಿ ಡಬ್ಬಿಯಲ್ಲೇ ಕೂಡಿ ಗ್ಯಾಸ್ ಬಿಟ್ಟುಬಿಡುತ್ತವೆ.

ಆ ಗ್ಯಾಸ್ ಯಾವಾಗ ಬರುತ್ತದೆ ಅನ್ನುವುದೇ ಮುಖ್ಯ. ಹೋದ ವರ್ಷ ತಂಗಿಯ ಹುಟ್ಟುಹಬ್ಬಕ್ಕೆ ಪೌಡರ್ ಹಾಕಿಯೇ ರವೆಯನ್ನು ಅರ್ಧ ಗಂಟೆ ನೆನೆಸಿದ್ದೆ. ಕೇಕ್ ಮೇಲೇಳಲೇ ಇಲ್ಲ. ಆ ದಿನ ಅವಳ ಮುಖ ನೋಡಿ ತುಂಬಾ ಬೇಜಾರಾಗಿತ್ತು. ಆಮೇಲೆ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಿದೆ. ಅಲ್ಲಿ ಐಎನ್‌ಎಸ್ ನಂಬರ್ ಇರುತ್ತವೆ, ಅಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳ ಗುರುತಿನ ಸಂಖ್ಯೆ. 500 ಅಂದರೆ ಸೋಡಾ. ಜೊತೆಗೆ ಇದ್ದದ್ದು 341 ಮಾತ್ರ. ಅದು ಒದ್ದೆಯಾದ ಕೂಡಲೇ ಕೆಲಸ ಶುರು ಮಾಡುವ ಹುಳಿ. ಕ್ರೀಮ್ ಆಫ್ ಟಾರ್ಟರ್ ಕೂಡ ಹಾಗೇ. ಇಂಥದ್ದು ಸಿಂಗಲ್ ಆಕ್ಟಿಂಗ್. 541 ಅಥವಾ 450 ನಂಬರಿನ ಹುಳಿ ಇದ್ದರೆ ಒಂದಷ್ಟು ಗ್ಯಾಸ್ ಕಾವು ತಾಗುವವರೆಗೂ ಕಾಯುತ್ತದೆ. ಕಲಸುವಾಗ ಒಂದು ಸಲ, ಬಿಸಿಯಲ್ಲಿ ಇನ್ನೊಂದು ಸಲ ಏಳುವುದೇ ಡಬಲ್ ಆಕ್ಟಿಂಗ್. ಕಲಸಿಟ್ಟು ಕಾಯುವ ಕೇಕಿಗೆ ಇದೇ ವಾಸಿ.

ಇವತ್ತು ಎರಡೂ ಇಲ್ಲ, ಆದರೆ ಮೊಸರಿದೆ ಅಲ್ವಾ? ಒಂದು ಟೀ ಚಮಚ ಪೌಡರ್ ಬದಲು ಕಾಲು ಟೀ ಚಮಚ ಅಡುಗೆ ಸೋಡಾ ಸಾಕು. ಹುಳಿಯ ಕೆಲಸ ಈ ಅರ್ಧ ಕಪ್ ಮೊಸರು ಮಾಡುತ್ತದೆ. ಮೊಸರು ಹಾಕಿದಷ್ಟು ಹಾಲು ಕಡಿಮೆ ಮಾಡಿ. ಮೊಸರು ಬೇಡವಾದರೆ ಅರ್ಧ ಟೀ ಚಮಚ ನಿಂಬೆರಸ. ಈನೋ ಕೂಡ ಆಗುತ್ತದೆ, ಅದರಲ್ಲೂ ಸೋಡಾ, ಹುಳಿ ಎರಡೂ ಇವೆ. ಆದರೆ ಫ್ಲೇವರ್ ಇಲ್ಲದ್ದೇ ತನ್ನಿ. ಸೋಡಾ ಮಾತ್ರ ದಯವಿಟ್ಟು ಜಾಸ್ತಿ ಹಾಕಬೇಡಿ. ಹುಳಿ ಸಾಲದೆ ಉಳಿದ ಸೋಡಾ ಬಾಯಿಗೆ ಸಾಬೂನಿನ ಹಾಗೆ ಹತ್ತುತ್ತದೆ.

ಈ ಬದಲಿಗಳು ಯಾವುವೂ ಕಾಯುವುದಿಲ್ಲ. ಅದಕ್ಕೇ ಕುಕ್ಕರನ್ನು ಮೊದಲೇ ಕಾಯಿಸಿದ್ದೇನೆ. ತಳದಲ್ಲಿ ಉಪ್ಪು, ಅದರ ಮೇಲೆ ಸ್ಟ್ಯಾಂಡ್. ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದಿದೆ. ಈಗ ಸೋಡಾ. ಹತ್ತು ಸುತ್ತು ಕಲಸಿ, ನೇರ ಒಳಗೆ.

ಸಣ್ಣ ಉರಿಯಲ್ಲಿ 40 ನಿಮಿಷ ಆಯಿತು. ಚಾಕು ಒಣಗಿಯೇ ಹೊರಗೆ ಬಂತು. ನಡುವೆ ಚೆನ್ನಾಗಿ ಉಬ್ಬಿದೆ. ಅಮ್ಮ ಆರುವವರೆಗೂ ಕಾಯಲಿಲ್ಲ, ಅಂಚಿನ ತುಂಡು ಮುರಿದು ಬಾಯಿಗೆ ಹಾಕಿಕೊಂಡರು. "ತಂಗಿಗೂ ಒಂದು ತುಂಡು ಎತ್ತಿಡು," ಅಂದರು.