ಎರೆಹೊಲದ ಮನೆ, ಹಿಮದೂರಿನ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಆ ಕಾರ್ತಿಕದಲ್ಲಿ ನಮ್ಮ ಮನೆತನದ ಎರಡು ಮನೆಗಳ ಕೆಲಸ ಒಂದೇ ಹೊತ್ತಿಗೆ ನಡೆದಿತ್ತು. ಕೊಪ್ಪಳ ಜಿಲ್ಲೆಯ ಕುಕನೂರು ತಾಲ್ಲೂಕಿನಲ್ಲಿ, ತಂದೆಯವರಿಂದ ಬಂದ ನಾಲ್ಕೆಕರೆ ಎರೆಹೊಲದ, ಎಂದರೆ ಕಪ್ಪುಮಣ್ಣಿನ ಹೊಲದ, ಒಂದು ಮೂಲೆಯಲ್ಲಿ, ನಾನು ಮನೆ ಕಟ್ಟಿಸಲು ಹೊರಟಿದ್ದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಪೇಟೆಯಿಂದ ದೂರವಾದ ಹಳ್ಳಿಯೊಂದರಲ್ಲಿ, ನನ್ನ ಮಗಳು ಮತ್ತು ಅಳಿಯ ತಮ್ಮ ಮನೆಯನ್ನು ಕಟ್ಟಿಸುತ್ತಿದ್ದರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನೇ ಹೊರತು ಎಂಜಿನಿಯರನಲ್ಲ. ಆದರೂ ಪ್ರತಿ ಭಾನುವಾರ ಸಂಜೆ ತಂದೆ ಮಗಳಿಬ್ಬರೂ ಫೋನಿನಲ್ಲಿ ನಮ್ಮ ನಮ್ಮ ಕೆಲಸ ಎಲ್ಲಿಗೆ ಬಂತೆಂದು ಹೇಳಿಕೊಳ್ಳುತ್ತ ಹೋದಂತೆ, ಹಿಮ ಬೀಳುವ ನಾಡಿನ ಮನೆಯ ಲೆಕ್ಕವೂ ಬಿಸಿಲು ಕಾಯುವ ನಮ್ಮ ನಾಡಿನ ಮನೆಯ ಲೆಕ್ಕವೂ ಕೊನೆಗೆ ನೀರಿನ ಬಳಿಗೇ ಬಂದು ನಿಲ್ಲುವುದು ನನಗೆ ಕಾಣತೊಡಗಿತು. ಇಂದಿನ ಮಾತು ಅದನ್ನು ಕುರಿತದ್ದು.

ಕಾಗದಪತ್ರದ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ರೈತನು ತನ್ನ ಹಿಡುವಳಿಯ ನೂರಕ್ಕೆ ಹತ್ತು ಭಾಗವನ್ನು ಮೀರದಂತೆ ಹೊಲದಲ್ಲಿ ತೋಟದ ಮನೆ ಕಟ್ಟಿಕೊಳ್ಳಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಮು ಅವಕಾಶ ಕೊಡುತ್ತದೆ. ಅಷ್ಟನ್ನು ತಿಳಿದುಕೊಂಡು ನಾವು ಗುದ್ದಲಿ ಪೂಜೆ ಮಾಡಿದೆವು.

ಪಾಯದ ಮಾತನ್ನು ಮಾತ್ರ ಅಷ್ಟು ಬೇಗ ಮುಗಿಸಲಾಗದು. ನಮ್ಮ ಭಾಗದಲ್ಲಿ ಭೂಮಿಯನ್ನು ಎರೆ ಮತ್ತು ಮಸಾರಿ ಎಂದು ಎರಡಾಗಿ ಹೇಳುವ ರೂಢಿಯಿದೆ. ಮಸಾರಿಯೆಂದರೆ ಕೆಂಪು ನೆಲ. ಸ್ವಲ್ಪ ಅಗೆದರೆ ಗರಸು, ಎಂದರೆ ಗಟ್ಟಿಯಾದ ಕಲ್ಲುಮಿಶ್ರಿತ ಮಣ್ಣು, ಸಿಗುತ್ತದೆ, ಇಟ್ಟ ಪಾಯ ಇಟ್ಟಲ್ಲಿಯೇ ಇರುತ್ತದೆ. ಎರೆಯ ಸ್ವಭಾವ ಬೇರೆ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಹೆಚ್ಚಾಗಿರುತ್ತದೆ. ಆ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ಮಳೆಗಾಲದಲ್ಲಿ ನೀರು ಆ ಪದರಗಳ ನಡುವೆ ನುಸುಳಿ ಅವುಗಳನ್ನು ಅಗಲಿಸುತ್ತದೆ. ಬೇಸಿಗೆಯಲ್ಲಿ ನೀರು ಆರಿಹೋದಾಗ ಮಣ್ಣು ಕುಗ್ಗಿ, ಕೈಜಾರಿದ ಕುಡಗೋಲು ಹಿಡಿಯ ಸಮೇತ ಒಳಗೆ ಹೋಗುವಷ್ಟು ದೊಡ್ಡ ಬಿರುಕು ಬಿಡುತ್ತದೆ. ಬೆಳೆಗೆ ಇದು ಉಪಕಾರಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಯಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆಗಳು ಚಳಿಗಾಲವಿಡೀ ಬೆಳೆಯುವುದು ಎರೆ ತನ್ನೊಳಗೆ ಹಿಡಿದಿಟ್ಟ ತೇವದಿಂದಲೇ. ಗೋಡೆಗೆ ಮಾತ್ರ ಅದೇ ಗುಣ ಮುಳುವಾಗುತ್ತದೆ. ಮನೆಯ ಹೊರ ಅಂಚಿನ ಮಣ್ಣು ಪ್ರತಿವರ್ಷ ಉಬ್ಬಿ ಕುಗ್ಗುತ್ತಿರುತ್ತದೆ. ಮನೆಯ ನಡುವಿನ ಮಣ್ಣಿಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲದ ಕಾರಣ ಅದು ಅಷ್ಟಾಗಿ ಅಲುಗುವುದಿಲ್ಲ. ಇದರಿಂದಾಗಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕುಗಳನ್ನು ಎರೆಸೀಮೆಯ ಊರುಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಅವು ಗೋಡೆ ಕಟ್ಟಿದ ಗೌಂಡಿಯ ಕೈತಪ್ಪೆಂದು ನಾನು ಬಹುಕಾಲ ನಂಬಿದ್ದೆ.

ನಮ್ಮ ಬಂಧುಗಳೊಬ್ಬರು, ಮೂರು ಅಡಿ ಪಾಯ ಸಾಕು, ಹಣ ಉಳಿಯುತ್ತದೆ ಎಂದಿದ್ದರು. ನನಗೂ ಆ ಸಲಹೆ ಹಿಡಿಸಿತ್ತು. ಆದರೆ ನಮ್ಮ ಗೌಂಡಿ, ಅಕ್ಷರ ಬಲ್ಲವನಲ್ಲದಿದ್ದರೂ ಮಣ್ಣು ಬಲ್ಲವನು, ಸಲಿಕೆಯನ್ನು ನೆಲಕ್ಕೂರಿ, “ಮಾಸ್ತರ್ರ, ಎರಿ ಮ್ಯಾಲೆ ಮನಿ ಕಟ್ಟಬ್ಯಾಡ್ರಿ. ಎರಿ ದಾಟಿ ಕೆಳಗ ಹೋಗೂಣ” ಎಂದ. ಏಳು ಅಡಿಗೆ ಗರಸು ಸಿಕ್ಕಿತು. ಅಲ್ಲಿಂದ ಕಾಂಕ್ರೀಟ್ ಕಂಬಗಳನ್ನು ಎಬ್ಬಿಸಿ, ನೆಲಮಟ್ಟದಲ್ಲಿ ಅವುಗಳನ್ನು ಬೀಮುಗಳಿಂದ ಕಟ್ಟಿ, ಬೀಮಿನ ಅಡಿಗೆ ಮಣ್ಣು ತಾಗದಂತೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟೆವು. ಎರೆ ಉಬ್ಬಿದರೆ ಆ ಖಾಲಿ ಜಾಗದೊಳಕ್ಕೆ ಉಬ್ಬಲಿ ಎಂಬುದು ಉದ್ದೇಶ. ಅಗೆದು ತೆಗೆದ ಎರೆಯಲ್ಲಿ ಒಂದು ಬುಟ್ಟಿಯನ್ನೂ ಮತ್ತೆ ತುಂಬಲು ಗೌಂಡಿ ಬಿಡಲಿಲ್ಲ. ಅದೆಲ್ಲ ಹೊಲಕ್ಕೆ ಹೋಯಿತು, ಪಾಯದೊಳಕ್ಕೆ ಗರಸು ಬಂತು. ಗರಸು ಬಹಳ ಆಳದಲ್ಲಿರುವ ಕಡೆ ಬೇರೆ ಉಪಾಯವಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಆ ಕ್ರಮದಲ್ಲಿ, ನೆಲದಲ್ಲಿ ಸುಮಾರು ಮೂರೂವರೆ ಮೀಟರ್ ಆಳಕ್ಕೆ ದುಂಡನೆಯ ರಂಧ್ರ ಕೊರೆದು, ಅದರ ಬುಡದ ಬಳಿ ಮೇಲಿನ ರಂಧ್ರದ ಎರಡೂವರೆ ಪಟ್ಟು ಅಗಲಕ್ಕೆ ಗಡ್ಡೆಯಂತೆ ಕೆರೆದು ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಎಷ್ಟೇ ಅಲುಗಿದರೂ ಆ ಗಡ್ಡೆ ಕೆಳಗೆ ಅಲುಗದ ಮಣ್ಣನ್ನು ಕಚ್ಚಿ ಹಿಡಿದಿರುತ್ತದೆ.

ಈ ಏಳಡಿಯ ಸುದ್ದಿಯನ್ನು ಸಂಕಟದಿಂದಲೇ ಮಗಳಿಗೆ ಹೇಳಿದಾಗ ಅವಳು ನಕ್ಕಳು. ಅವರೂ ಅಷ್ಟೇ ಅಗೆದಿದ್ದರಂತೆ. ಅಲ್ಲಿ ಚಳಿಗಾಲದಲ್ಲಿ ನೆಲ ಮೇಲಿನಿಂದ ನಾಲ್ಕೈದು ಅಡಿಯವರೆಗೆ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ ಎಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು. ಆದರೆ ನೆಲವನ್ನು ಎತ್ತುವುದು ಆ ಹಿಗ್ಗು ಮಾತ್ರವಲ್ಲ ಎಂಬುದು ಅಂದು ತಿಳಿಯಿತು. ಹೆಪ್ಪುಗಟ್ಟುವ ಮಣ್ಣು ಬತ್ತಿ ಎಣ್ಣೆಯನ್ನು ಎಳೆದಂತೆ ಕೆಳಗಿನ ತೇವವನ್ನು ಮೇಲೆಳೆದುಕೊಂಡು, ಮಂಜುಗಡ್ಡೆಯ ಪದರಗಳನ್ನು ದಪ್ಪವಾಗಿಸುತ್ತ ಹೋಗುತ್ತದೆ. ಮೇಲಿರುವ ಪಾಯವನ್ನು ಆ ಪದರಗಳು ಎತ್ತಿಬಿಡುತ್ತವೆ. ವಸಂತದಲ್ಲಿ ಕರಗಿದಾಗ ಅದೇ ನೆಲ ಕುಸಿಯುತ್ತದೆ. ಆದ್ದರಿಂದ ಪಾಯವು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಕೂರಲೇಬೇಕು. ಹೇಗೂ ಅಷ್ಟು ಅಗೆಯಬೇಕಾದ ಮೇಲೆ ಇನ್ನಷ್ಟು ಅಗೆದು ನೆಲಮನೆಯನ್ನೇ ಮಾಡಿಕೊಳ್ಳುವುದು ಆ ಕಡೆಯ ರೂಢಿ. ನಮ್ಮ ಎರೆ ಮಳೆಗೆ ಏಳುತ್ತದೆ, ಅವರ ನೆಲ ಹಿಮಕ್ಕೆ ಏಳುತ್ತದೆ; ಎರಡೂ ಕಡೆ ನೆಲದೊಳಗೆ ನೀರು ಹೋಗಿ ಬರುವ ಪದರವನ್ನು ದಾಟಿ ಕೆಳಗಿಳಿಯದೆ ಗತಿಯಿಲ್ಲ. ಗಂಗಾವತಿಯ ಕಡೆಯ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಮನೆಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಬಂಡೆಯ ಮೇಲೆಯೇ ಕಟ್ಟುವ ಆ ಅನುಕೂಲ ಎರೆಯವರಾದ ನಮಗೆ ಎಲ್ಲಿಂದ ಬರಬೇಕು?

ಮಗಳ ಮನೆಯವರು ನೆಲ ಹೆಪ್ಪುಗಟ್ಟುವ ಮುನ್ನ, ಅಕ್ಟೋಬರಿನಲ್ಲಿಯೇ ಪಾಯ ಮುಗಿಸಿ, ಹಿಮ ಬೀಳುವ ತಿಂಗಳುಗಳಲ್ಲಿ ಮರದ ಚೌಕಟ್ಟು ನಿಲ್ಲಿಸುವ ಲೆಕ್ಕ ಹಾಕಿದ್ದರು. ಬೆಳಗಾದರೆ ಮೊದಲು ಸಲಿಕೆ ಹಿಡಿದು ರಾತ್ರಿ ಬಿದ್ದ ಹಿಮವನ್ನು ಹಲಗೆಯ ನೆಲದಿಂದ ಎತ್ತಿ ಹಾಕಬೇಕು, ಆಮೇಲೆ ಮೊಳೆ ಹೊಡೆಯಬೇಕು. ನಮಗೆ ಚಳಿಗಾಲವೇ ಕಟ್ಟುವ ಕಾಲ: ಮಳೆಯಿಲ್ಲ, ಬಿಸಿಲು ಹಿತ, ಹಗಲು ಪೂರ್ತಿ ಕೆಲಸ. ಆದರೆ ಆಳುಗಳು ಸಿಗಬೇಕಲ್ಲ. ಮೊದಲು ಗಂಗಾವತಿ, ಕಾರಟಗಿ ಕಡೆಯ ಭತ್ತದ ಕೊಯ್ಲು ಅವರನ್ನು ಕರೆದೊಯ್ದಿತು. ಆಮೇಲೆ ಎಳ್ಳಮಾವಾಸ್ಯೆ, ಅಂದು ಎರೆಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವುದನ್ನು ಬಿಟ್ಟು ಇಟ್ಟಿಗೆ ಹೊರು ಎಂದು ಹೇಳುವ ಧೈರ್ಯ ಯಾರಿಗಿದೆ, ನಾನೇ ಸಜ್ಜಿರೊಟ್ಟಿ, ಎಣ್ಣೆಬದನೆಕಾಯಿಯ ಬುತ್ತಿ ಕಟ್ಟಿಸಿಕೊಂಡು ಎಲ್ಲರೊಡನೆ ಕುಳಿತೆ. ಪುಷ್ಯದಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂತು. ತೇರು ಎಳೆದ ಮೇಲೆಯೂ ವಾರಗಟ್ಟಲೆ ಗೌಂಡಿಯ ಸುಳಿವಿರಲಿಲ್ಲ. ಹೀಗೆ ಸಂಕ್ರಾಂತಿಯ ಹೊತ್ತಿಗೆ ಬೀಳಬೇಕಾಗಿದ್ದ ಸ್ಲ್ಯಾಬು ಮಾರ್ಚ್ ಕೊನೆಗೆ ಹೋಯಿತು.

ನೀರಿನ ಕಷ್ಟ ಅಲ್ಲಿಂದ ಶುರುವಾಯಿತು. ನಮ್ಮ ಬೋರಿನ ನೀರು ಸವಳು. ಕುಡಿಯಲು ಬಾರದ ನೀರು ಕಟ್ಟಡಕ್ಕಾದರೂ ಆಗಬಹುದೆಂದು ಜನ ತಿಳಿಯುತ್ತಾರೆ. ವಾಸ್ತವದಲ್ಲಿ ನೀರಿನಲ್ಲಿರುವ ಕ್ಲೋರೈಡು ಎಂಬ ಉಪ್ಪಿನಂಶ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ಲೀಟರ್ ನೀರಿನಲ್ಲಿ ಕ್ಲೋರೈಡು 500 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ಹತ್ತಿಪ್ಪತ್ತು ವರ್ಷಗಳಲ್ಲಿ ಸ್ಲ್ಯಾಬಿನ ತಳದ ಗಾರೆ ಹಕ್ಕಳೆಯಾಗಿ ಉದುರತೊಡಗುತ್ತದೆ. ನಾವು ಕೃಷಿಹೊಂಡದಲ್ಲಿ ನಿಂತಿದ್ದ ಮಳೆನೀರನ್ನು ಬಳಸಿದೆವು. ಅದು ಬತ್ತಿದ ಮೇಲೆ ಟ್ಯಾಂಕರಿಗೆ ದುಡ್ಡು ಸುರಿದೆವು.

ಭಾರತೀಯ ಮಾನಕ ಬ್ಯೂರೋ ಹವಾಮಾನ ಮತ್ತು ಕಾಂಕ್ರೀಟು ಕುರಿತು ಎರಡು ಭಾಗದ ಒಂದು ಸಂಹಿತೆಯನ್ನೇ ಇಟ್ಟಿದೆ. ಒಂದು ಭಾಗ ಉಷ್ಣತೆ 40 ಡಿಗ್ರಿ ದಾಟಿದಾಗಿನ ಕೆಲಸಕ್ಕೆ, ಇನ್ನೊಂದು 5 ಡಿಗ್ರಿಗಿಂತ ಇಳಿದಾಗಿನ ಕೆಲಸಕ್ಕೆ. ನಾನು ಮೊದಲನೆಯದನ್ನು ಓದುತ್ತಿದ್ದೆ, ಮಗಳ ಮನೆಯವರು ಎರಡನೆಯದರಂತೆ ನಡೆಯುತ್ತಿದ್ದರು. ಸಿಮೆಂಟು ಆರಿ ಗಟ್ಟಿಯಾಗುತ್ತದೆಂಬ ಮಾತು ತಪ್ಪು. ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ, ಹೀಗೆ ಕೂಡುವಾಗ ತಾನೂ ಬಿಸಿಯಾಗುತ್ತದೆ. ನಮ್ಮಲ್ಲಿ ಆ ಕೆಲಸ ಮುಗಿಯುವ ಮುನ್ನವೇ ನೀರು ಆವಿಯಾಗಿ ಹಾರಿಹೋಗುತ್ತದೆ. ಅಲ್ಲಿ ನೀರು ಅಷ್ಟರಲ್ಲೇ ಮಂಜುಗಡ್ಡೆಯಾಗಿ ಕಾಂಕ್ರೀಟಿನ ಒಡಲನ್ನು ಸಡಿಲಗೊಳಿಸುತ್ತದೆ. ಆದ್ದರಿಂದ ಅವರು ಬಿಸಿನೀರು ಬೆರೆಸಿ ಕಾಂಕ್ರೀಟು ಕಲಸಿ, ಮೇಲೆ ದಪ್ಪನೆಯ ಹೊದಿಕೆ ಹಾಸುತ್ತಾರೆ. ನಾವು ಜಲ್ಲಿಯ ರಾಶಿಗೆ ನೆರಳು ಮಾಡಿ, ರಾತ್ರಿಯೇ ನೀರು ಚಿಮುಕಿಸಿ, ಬೆಳಗಿನ ಜಾವ ನಾಲ್ಕೂವರೆಗೆ ದೀಪ ಹಚ್ಚಿಕೊಂಡು ಸ್ಲ್ಯಾಬು ಹಾಕಲು ನಿಂತೆವು.

ತಪ್ಪೊಂದು ನನ್ನಿಂದಲೇ ಆಯಿತು. ಎಂಟು ಗಂಟೆಗೆ ಮಂಡಾಳ ಒಗ್ಗರಣೆ, ಮಿರ್ಚಿ ಬಂದವು. ಬಿಸಿಯಿರುವಾಗಲೇ ತಿನ್ನಲಿ ಎಂದು ಎಲ್ಲರನ್ನೂ ನಾನೇ ಕೆಳಗಿಳಿಸಿದೆ. ಆ ಮುಕ್ಕಾಲು ಗಂಟೆಯಲ್ಲಿ ಒಣಗಾಳಿ ಬೀಸಿ, ಮೊದಲು ಹಾಕಿದ ಮೂಲೆಯ ಮೇಲ್ಮೈ ಬಿರಿದ ಕೆರೆಯಂಗಳದಂತೆ ಸಣ್ಣ ಸಣ್ಣ ಗೆರೆಗಳಾಗಿ ಒಡೆದಿತ್ತು. ಕಾಂಕ್ರೀಟು ಇನ್ನೂ ಹಸಿಯಿದ್ದದ್ದು ಪುಣ್ಯ. ಗೌಂಡಿ ಕೈಗೆ ಹತ್ತಿದ್ದ ಹಿಟ್ಟನ್ನೂ ಒರೆಸಿಕೊಳ್ಳದೆ ಹಲಗೆಯಿಂದ ಬಡಿದು, ಕರಣೆಯಿಂದ ಮತ್ತೆ ತಿಕ್ಕಿ ಆ ಗೆರೆಗಳನ್ನು ಮುಚ್ಚಿದ. ಮಧ್ಯಾಹ್ನದವರೆಗೆ ಯಾರೊಡನೆಯೂ ಅವನು ಮಾತಾಡಲಿಲ್ಲ. ನನ್ನೊಡನೆಯಂತೂ ಸಂಜೆಯವರೆಗೂ ಇಲ್ಲ.

ಆಮೇಲೆ ಸ್ಲ್ಯಾಬಿನ ಮೇಲೆ ಗದ್ದೆಯ ಬದುವಿನಂತೆ ಗಾರೆಯ ಪಾತಿ ಕಟ್ಟಿ, ಭತ್ತದ ಹುಲ್ಲು ಹಾಸಿ, ಹದಿನಾಲ್ಕು ದಿನ ನೀರು ನಿಲ್ಲಿಸಿದೆವು. ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಸಿಮೆಂಟು ನಿಧಾನವಾಗಿ ಬಲಗೊಳ್ಳುವುದರಿಂದ ಬಿಸಿಲು ನಾಡಿನಲ್ಲಿ ಏಳು ದಿನದ ಆರೈಕೆ ಅದಕ್ಕೆ ಸಾಲದು. ರಾಯಚೂರು ಮತ್ತು ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಗಳ ಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟ ಇರುವ ಈ ಸೀಮೆಯಲ್ಲಿ ಅಂಥ ಸಿಮೆಂಟೇ ಹೆಚ್ಚಾಗಿ ಬಳಕೆಯಲ್ಲಿರುವಾಗ ಇದನ್ನು ನೆನಪಿಡಬೇಕು. ಹುಲ್ಲಿನ ಸುದ್ದಿ ಹೇಳಿದಾಗ ಮಗಳು, ನೆಲ ಹೆಪ್ಪುಗಟ್ಟದಿರಲೆಂದು ಅವರ ಪಾಯದ ಗುಂಡಿಗೂ ಹುಲ್ಲು ಹಾಸಿದ್ದರೆಂದಳು. ಅಲ್ಲಿ ಬಿಸಿ ಹೊರಗೆ ಹೋಗದಂತೆ ಕಾದ ಹುಲ್ಲು ಇಲ್ಲಿ ಬಿಸಿಲು ಒಳಗೆ ಬಾರದಂತೆ ಕಾಯುತ್ತಿತ್ತು. ನಮ್ಮ ಕುರಿಗಾರರು ಕಂಬಳಿಯನ್ನು ಚಳಿಗೂ ಹೊದ್ದು ಬಿಸಿಲಿಗೂ ಹೊದ್ದು ನಡೆಯುವುದನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಮಾಳಿಗೆಯ ಬಗ್ಗೆ ಒಂದು ಮಾತು. ನಾನು ಹುಟ್ಟಿದ ಮನೆಯದು ಮಣ್ಣಿನ ಮಾಳಿಗೆ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಹರಡಿ ಒಂದಡಿ ಮಣ್ಣು, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣಿನ ಹೊದಿಕೆ. ಕೆನಡಾದ ಮಾಡುಗಳು ಹಿಮದ ಭಾರ ಹೊರಬೇಕೆಂದು ಅಳಿಯ ಹೇಳಿದಾಗ ನಾನು ಕುಳಿತು ಲೆಕ್ಕ ಹಾಕಿದೆ. ಬಿದ್ದು ಕುಳಿತ ಒಂದಡಿ ಹಿಮ ಚದರ ಮೀಟರಿಗೆ ಅರವತ್ತರಿಂದ ತೊಂಬತ್ತು ಕಿಲೋ ತೂಗುತ್ತದೆ. ಒಂದಡಿ ಮಣ್ಣು ಅರ್ಧ ಟನ್ನಿನ ಆಸುಪಾಸು. ನಮ್ಮ ಅಜ್ಜಂದಿರು ತಮ್ಮ ತಲೆಯ ಮೇಲೆ ಆರೇಳು ಅಡಿ ಹಿಮದಷ್ಟು ಭಾರ ಹೊತ್ತುಕೊಂಡೇ ಮಲಗುತ್ತಿದ್ದರು, ತಂಪಿಗಾಗಿ. ಹಗಲಿನ ಕಾವು ಆ ದಪ್ಪವನ್ನು ದಾಟುವಷ್ಟರಲ್ಲಿ ರಾತ್ರಿಯಾಗಿ, ಹೊರಗೆ ಗಾಳಿ ತಣ್ಣಗಾಗಿರುತ್ತಿತ್ತು. ಐದಂಗುಲದ ಸ್ಲ್ಯಾಬಿಗೆ ಆ ತಾಳ್ಮೆಯಿಲ್ಲ. ಮಧ್ಯಾಹ್ನ ಹೀರಿದ್ದನ್ನು ಸಂಜೆಗೇ ನಮ್ಮ ಮೇಲೆ ಕಾರುತ್ತದೆ. ತೊಲೆ ಜಂತಿಗಳ ಬೆಲೆ ಕೇಳಿ ನಾನೂ ಸ್ಲ್ಯಾಬಿಗೇ ಶರಣಾದೆ, ಆ ಅಳುಕು ಇನ್ನೂ ಇದೆ. ಪ್ರತಿ ಫಾಲ್ಗುಣದಲ್ಲಿ ಮೇಲೆ ದಪ್ಪಗೆ ಸುಣ್ಣ ಬಳಿಸುತ್ತೇನೆ. ಪಡುವಣ ಗೋಡೆಯನ್ನು ಹದಿನೆಂಟು ಅಂಗುಲದ ಕಲ್ಲಿನಲ್ಲಿ, ಒಂದೇ ಒಂದು ಸಣ್ಣ ಕಿಟಕಿಯಿಟ್ಟು ಕಟ್ಟಿಸಿದ್ದೇನೆ. ಪಡಸಾಲೆಯನ್ನು ಮೂಡಣಕ್ಕೆ ತಿರುಗಿಸಿದ್ದರಿಂದ ಮಧ್ಯಾಹ್ನದ ಮೇಲೆ ಅಲ್ಲಿ ಕೂರಲು ಬರುತ್ತದೆ.

ಬಸವ ಜಯಂತಿಯ ನಂತರ ವಾಸ್ತುಶಾಂತಿ ಮುಗಿಸಿ ಒಳಗೆ ಬಂದೆವು. ಮಗಳ ಊರಿನಲ್ಲಿ ಅಷ್ಟರಲ್ಲಿ ಹಿಮ ಕರಗಿ, ನೆಲಮನೆಯ ಸುತ್ತ ಇಟ್ಟ ಕೊಳವೆಗಳಲ್ಲಿ ಹಗಲಿರುಳೂ ನೀರು ಹರಿಯುತ್ತಿತ್ತಂತೆ. ನಮ್ಮ ಮನೆಯ ಸುತ್ತಲೂ ಗೌಂಡಿ ಮೂರಡಿ ಅಗಲಕ್ಕೆ ಕಾಂಕ್ರೀಟಿನ ಹಾಸು ಹಾಕಿ, ನೀರು ಗೋಡೆಯಿಂದ ಆಚೆಗೆ ಜಾರುವಂತೆ ಇಳುಕಲು ಕೊಟ್ಟಿದ್ದ. ಆ ಹಾಸನ್ನು ಗೋಡೆಗೆ ಅಂಟಿಸದೆ ನಡುವೆ ಸಂದು ಬಿಟ್ಟು ಡಾಂಬರು ತುಂಬಿದ್ದ. ಅದು ಏಕೆಂದು ನಾನು ಆಗ ಕೇಳಿರಲಿಲ್ಲ.

ಜೂನ್ ತಿಂಗಳಲ್ಲಿ ರಾತ್ರಿಯಿಡೀ ಸುರಿದ ಎರಡು ಮಳೆಗಳಾದ ಮೇಲೆ ಅವನೇ ಬೆಳಿಗ್ಗೆ ಸೈಕಲ್ ಏರಿ ಬಂದ. ಚಹಾ ಬೇಡವೆಂದು, ಮನೆಯನ್ನು ಒಂದು ಸುತ್ತು ಬಂದು, ಬಡಗಣ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಸಂದಿಯಲ್ಲಿ ಬೆರಳಿಟ್ಟ. ಹಾಸಿನ ಹೊರ ಅಂಚು ಒಂದು ಬೆರಳಿನಷ್ಟು ಎದ್ದಿತ್ತು. ಗೋಡೆಯ ಮೇಲೆ ಅವನೇ ಏಪ್ರಿಲಿನಲ್ಲಿ ಇದ್ದಿಲಿನಿಂದ ಎಳೆದಿದ್ದ ಗೆರೆ ಮಟ್ಟದ ಕೊಳವೆಯ ನೀರಿಗೆ ಸರಿಯಾಗಿ, ಎಳೆದಲ್ಲಿಯೇ ಇತ್ತು. “ಈಗ ಚಾ ಕೊಡ್ರಿ” ಎಂದ.

ನಮಸ್ಕಾರ.