ಅಟ್ಟದಿಂದ ಇಳಿದ ಲ್ಯಾಪ್ ಸ್ಟೀಲ್: ಗಿಟಾರ್ ಸರಿ, ಆಂಪ್ ಜೋಪಾನ

[ದೃಶ್ಯ: ವಿರಾಜಪೇಟೆ ಹತ್ತಿರದ ಒಂದು ತೋಟದ ಮನೆ. ಹೊರಗೆ ಮಳೆ. ಮೇಜಿನ ಮೇಲೆ ಬೂಸ್ಟು ಹಿಡಿದ ಪೆಟ್ಟಿಗೆ.]

ನಮಸ್ಕಾರ. ಇದು ಹಳೆಯ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್. ಹಳಬರ ಬಾಯಲ್ಲಿ ಹವಾಯನ್ ಗಿಟಾರ್. ಮನೆಯವರು ಮಾರಬೇಕು ಅಂತಿದ್ದಾರೆ. ಜೊತೆಗೆ ಅಮೆರಿಕದ ಒಂದು ವಾಲ್ವ್ ಆಂಪ್ ಇದೆ, ಅಂದರೆ ಗಿಟಾರಿನ ಸದ್ದು ಹೆಚ್ಚಿಸುವ, ಗಾಜಿನ ವಾಲ್ವ್ ಇರುವ ಹಳೇ ಕಾಲದ ಪೆಟ್ಟಿಗೆ. ಪ್ಲಗ್ ಹಾಕಿ ತೋರಿಸಲು ಹೊರಟಿದ್ದರು. "ಬೇಡ ಅಂಕಲ್, ಸ್ವಲ್ಪ ತಡೀರಿ" ಅಂದೆ.

[ದೃಶ್ಯ: ತೊಡೆಯ ಮೇಲೆ ಗಿಟಾರ್.]

ಇದನ್ನು ಹೀಗೆ ಮಲಗಿಸಿಕೊಂಡು ನುಡಿಸುತ್ತಾರೆ. ತಂತಿಯನ್ನು ಬೆರಳಿಂದ ಒತ್ತುವುದಿಲ್ಲ, ಮೇಲೆ ಸ್ಟೀಲ್ ಬಾರ್ ಜಾರಿಸುತ್ತಾರೆ. ಅದಕ್ಕೇ ಸ್ವರ ಹಾಡುವ ಗಂಟಲಿನ ಹಾಗೆ ಜಾರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಹವಾಯಿಯ ಜೋಸೆಫ್ ಕೆಕುಕು ಇದನ್ನು ಬೆಳೆಸಿದ. 1932ರಲ್ಲಿ ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್' ಅನ್ನುವ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ಮಾರಾಟಕ್ಕೆ ಬಂತು. ಅಲ್ಯುಮಿನಿಯಂ ಮೈ, ಉದ್ದ ಹಿಡಿ, ಥೇಟ್ ಕಾವಲಿ! ಎಲೆಕ್ಟ್ರಿಕ್ ಗಿಟಾರ್ ಕತೆ ಶುರುವಾದದ್ದೇ ಹೀಗೆ ತೊಡೆಯ ಮೇಲೆ, ಅಲ್ವಾ?

ಫ್ರೆಟ್ ಗೆರೆ ಮಾಸಿದೆ ಅಂತ ಬೆಲೆ ಇಳಿಸಲು ಬಂದರೆ ಒಪ್ಪಬೇಡಿ. ಆ ಗೆರೆ ಜಾಗ ಗುರುತಿಸಲು ಮಾತ್ರ. ನೋಡಬೇಕಾದ್ದು ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ. ಒಳಗೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರುತ್ತದೆ. ನಮ್ಮ ಕೊಡಗಿನ ಮಳೆಗಾಲದ ತೇವಕ್ಕೆ ಅದು ಒಂದೇ ಕಡೆ ತುಂಡಾದರೂ ಸಾಕು, ಸದ್ದು ಸತ್ತ ಹಾಗೆಯೇ. ಮಲ್ಟಿಮೀಟರ್ ಇಟ್ಟರೆ ಗೊತ್ತಾಗುತ್ತದೆ. ಇದರಲ್ಲಿ ತುಂಡಾಗಿಲ್ಲ.

[ದೃಶ್ಯ: ಆಂಪಿನ ಹಿಂಬದಿ, ಎರಡು ಪಿನ್ ಪ್ಲಗ್.]

ಈಗ ಆಂಪ್. ಅಮೆರಿಕದ ಮನೆಗಳಲ್ಲಿ ಕರೆಂಟ್ 120 ವೋಲ್ಟ್, ನಮ್ಮಲ್ಲಿ 230. ನೇರ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಇನ್ನೂ ಹೆದರಿಕೆಯ ವಿಷಯ, ಇದಕ್ಕೆ ಅರ್ಥ್ ಇಲ್ಲ. ಒಳಗೆ ಏನಾದರೂ ಕೆಟ್ಟರೆ ಕರೆಂಟ್ ಗಿಟಾರಿನ ತಂತಿಗೇ ಬರಬಹುದು. ನುಡಿಸುವವರ ಕೈಯಲ್ಲಿ ಸ್ಟೀಲ್ ಬಾರ್! ದಯವಿಟ್ಟು ಸುಮ್ನೆ ಸ್ಟೆಪ್-ಡೌನ್ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) ತಂದು ಹಾಕಿ ಪರೀಕ್ಷೆ ಮಾಡಬೇಡಿ. ವಾಲ್ವ್ ಆಂಪ್ ಬಲ್ಲವರಿಂದ ಹಳೆ ಕೆಪ್ಯಾಸಿಟರ್ ಬದಲಾಯಿಸಿ, ಅರ್ಥ್ ಇರುವ ಮೂರು ಪಿನ್ ಹಾಕಿಸಿ, ಆಮೇಲೆ ಸ್ಟೆಪ್-ಡೌನ್ ಮೂಲಕವೇ ಆನ್ ಮಾಡಿ.

ಗಿಟಾರಿಗೆ ಸ್ವಂತ ಕರೆಂಟೇ ಬೇಡ. ಅದಕ್ಕೇ ನಾನು ನನ್ನ ಬ್ಯಾಟರಿ ಆಂಪ್ ತಂದಿದ್ದೇನೆ. ಅಂಕಲ್, ನೀವೇ ಮೀಟಿ.

[ಒಂದು ಸ್ವರ ಉದ್ದಕ್ಕೆ ಜಾರುತ್ತದೆ. ಹೆಂಚಿನ ಮೇಲೆ ಮಳೆಯ ಸದ್ದು.]