ಹೂರಣದೊಳಗೆ ಏನಿದೆ?

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಕೊಡೆ ಹಿಡಿದು ಬಂದಿದ್ದೀರಿ. ಹಿಂದಿನ ಸಾಲುಗಳಲ್ಲಿ ಕಾಲೇಜು ಹುಡುಗ ಹುಡುಗಿಯರು ಕಾಣುತ್ತಿದ್ದಾರೆ. ಇವತ್ತಿನ ಮಾತು ಹೆಚ್ಚಾಗಿ ಅವರಿಗೇ ಸೇರಿದ್ದು. 31 ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಹಾಗಾಗಿ ಊಟದ ವಿಷಯ ಮಾತಾಡಿದರೂ ನಡುವೆ ಪ್ರಯೋಗಾಲಯ ಬರುತ್ತದೆ.

ಈ ಉಪನ್ಯಾಸಕ್ಕೆ ಕಾರಣವಾದದ್ದು ನನ್ನ ಮೊಮ್ಮಗಳ ಒಂದು ಪ್ರಶ್ನೆ. ಹೋದ ತಿಂಗಳು ಅವಳನ್ನು ನಮ್ಮ ಶಿವಮೊಗ್ಗದ ದುರ್ಗಿಗುಡಿಗೆ ಕರೆದುಕೊಂಡು ಹೋಗಿದ್ದೆ. ಪುಸ್ತಕ ಕೊಂಡಾಯಿತು, ಹಸಿವಾಯಿತು, ಅವಳಿಗೆ ಸ್ಯಾಂಡ್‌ವಿಚ್ ಬೇಕಾಯಿತು. ಎರಡು ತುಂಡು ಬ್ರೆಡ್ಡು, ನಡುವೆ ದುಂಡಗಿನ ಒಂದು ಪ್ಯಾಟಿ, ಮೇಲೆ ಬಿಳಿ ಸಾಸು. ಅರ್ಧ ತಿಂದವಳು ಒಳಗಿನದನ್ನು ಬೆರಳಲ್ಲಿ ಬಿಡಿಸಿ ನೋಡಿ, ‘ಅಜ್ಜೀ, ಇದು ಯಾವ ತರಕಾರಿ?’ ಎಂದಳು. ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಆಲೂಗಡ್ಡೆ ಗೊತ್ತಾಯಿತು, ಬಟಾಣಿ ಗೊತ್ತಾಯಿತು. ಅದರಾಚೆಗೆ ನಾಲಿಗೆ ಕೈಕೊಟ್ಟಿತು. ಕೌಂಟರಿನ ಹುಡುಗನನ್ನು ಕೇಳಿದೆ.

‘ಏನಪ್ಪಾ, ಇದರೊಳಗೆ ಏನೇನು ಹಾಕಿದೀರಿ?’

‘ವೆಜ್ ಪ್ಯಾಟಿ ಆಂಟಿ.’

‘ಅದು ಸರಿ, ಪ್ಯಾಟಿ ಒಳಗೆ ಏನಿದೆ?’

‘ವೆಜ್ಜೇ ಆಂಟಿ, ಭಯ ಬೇಡಿ.’

‘ಮಾಡೋದು ಯಾರು?’

‘ಡಬ್ಬದಲ್ಲಿ ಫ್ರೋಜನ್ ಬರುತ್ತೆ. ನಾವು ಎಣ್ಣೆಗೆ ಬಿಡೋದಷ್ಟೇ.’

ಆ ಹುಡುಗ ಏನನ್ನೂ ಮುಚ್ಚಿಡಲಿಲ್ಲ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ದಿನಕ್ಕೆ ನೂರು ಜನಕ್ಕೆ ತಿನ್ನಿಸುವವನಿಗೆ ತಾನು ಏನು ತಿನ್ನಿಸುತ್ತಿದ್ದೇನೆ ಎಂಬುದು ತಿಳಿಯದ ಹಾಗೆ ವ್ಯವಸ್ಥೆ ಆಗಿದೆಯಲ್ಲ, ಆ ಮಾತು ನನ್ನನ್ನು ಅವತ್ತಿನಿಂದ ಬಿಟ್ಟಿಲ್ಲ.

ನನ್ನ ತವರು ತೀರ್ಥಹಳ್ಳಿ ಸೀಮೆ. ಹಬ್ಬಕ್ಕೆ ಒಬ್ಬಟ್ಟು ಮಾಡುವಾಗ ಅಮ್ಮ ಬೇಳೆ ಬೇಯಿಸಿ, ಬೆಲ್ಲ ಹಾಕಿ, ಒರಳಲ್ಲಿ ರುಬ್ಬುತ್ತಿದ್ದಳು. ಕಣಕದೊಳಗೆ ಸೇರಿದ ಮೇಲೆ ಹೂರಣ ಕಣ್ಣಿಗೆ ಕಾಣುವುದಿಲ್ಲ. ಆದರೂ ಯಾರಿಗೂ ಅನುಮಾನ ಇರುತ್ತಿರಲಿಲ್ಲ, ಏಕೆಂದರೆ ರುಬ್ಬಿದವಳು ಹತ್ತು ಹೆಜ್ಜೆ ದೂರದಲ್ಲಿ ಕೂತಿರುತ್ತಿದ್ದಳು. ‘ಈ ಸಲ ಕಡ್ಲೆಬೇಳೆಯೋ ತೊಗರಿಬೇಳೆಯೋ’ ಎಂದು ಕೇಳಿದರೆ ಅಲ್ಲೇ ಉತ್ತರ. ಹಾಗಂತ ಆ ಕಾಲ ಶುದ್ಧವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹಾಲಿಗೆ ನೀರು ಆಗಲೂ ಬೀಳುತ್ತಿತ್ತು, ಕಾಳುಮೆಣಸಿಗೆ ಒಣಗಿಸಿದ ಪರಂಗಿ ಬೀಜ ಬೆರೆಸುವವರು ಆಗಲೂ ಇದ್ದರು. 1954ರಲ್ಲೇ ಈ ದೇಶ ಕಲಬೆರಕೆ ತಡೆಗೆ ಕಾಯ್ದೆ ಮಾಡಬೇಕಾಯಿತು. ಆದರೆ ಮೆಣಸಿನ ಕಾಳನ್ನು ಅಂಗೈಯಲ್ಲಿ ಹರಡಿ ನೋಡಬಹುದಿತ್ತು, ನೀರಿಗೆ ಹಾಕಿ ತೇಲುತ್ತದೆಯೇ ಎಂದು ಪರೀಕ್ಷಿಸಬಹುದಿತ್ತು. ಕೊಚ್ಚಿ, ಅರೆದು, ಬೇಯಿಸಿ, ಅಚ್ಚಿಗೆ ಹಾಕಿ, ಹೆಪ್ಪುಗಟ್ಟಿಸಿದ ಪದಾರ್ಥಕ್ಕೆ ಮುಖವೇ ಇರುವುದಿಲ್ಲ. ಅದರ ಗುರುತು ಹೇಳಬೇಕಾದವರು ಬೇರೆಯವರು.

ಯಾರು ಹೇಳಬೇಕು? ‘ಲ್ಯಾಬ್‌ಗೆ ಕಳಿಸಿದರೆ ಆಯಿತು’ ಎಂದು ಸುಲಭವಾಗಿ ಹೇಳುತ್ತೇವೆ. ಅಮೆರಿಕದ ಒಂದು ಮೀನಿನ ಕಥೆ ಕೇಳಿ.

2021ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಗ್ರಾಹಕರು ಸ್ಯಾಂಡ್‌ವಿಚ್ ಮಾರುವ ಸಬ್‌ವೇ ಕಂಪನಿಯ ಮೇಲೆ ದಾವೆ ಹೂಡಿದರು. ಟ್ಯೂನಾ ಸ್ಯಾಂಡ್‌ವಿಚ್‌ನಲ್ಲಿ ಇರುವುದು ಟ್ಯೂನಾ ಅಲ್ಲ ಎಂಬುದು ಆರೋಪ. ಟ್ಯೂನಾ ಎಂದರೆ ನಮ್ಮ ಕರಾವಳಿಯವರು ಕೇದರ ಎನ್ನುವ ಮೀನು. ಕಂಪನಿ ಆರೋಪವನ್ನು ಪೂರ್ತಿ ಅಲ್ಲಗಳೆಯಿತು. ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಲಾಸ್ ಏಂಜಲೀಸ್‌ನ ಮೂರು ಮಳಿಗೆಗಳಿಂದ ಒಟ್ಟು 60 ಇಂಚಿಗೂ ಹೆಚ್ಚು ಉದ್ದದ ಟ್ಯೂನಾ ಸ್ಯಾಂಡ್‌ವಿಚ್ ಕೊಂಡು, ಹೂರಣವನ್ನಷ್ಟೇ ಬೇರ್ಪಡಿಸಿ, ಹೆಪ್ಪುಗಟ್ಟಿಸಿ, ಡಿಎನ್‌ಎ ಪರೀಕ್ಷೆಗೆ ಕಳಿಸಿತು. ಐದು ಜಾತಿಯ ಟ್ಯೂನಾಗಾಗಿ ಹುಡುಕಿದರು. ಯಾವುದೂ ಸಿಗಲಿಲ್ಲ. ಪರೀಕ್ಷೆ ಮಾಡಿದವರು ಎರಡು ಸಾಧ್ಯತೆ ಹೇಳಿದರು: ಗುರುತು ಹಿಡಿಯಲಾಗದಷ್ಟು ಸಂಸ್ಕರಣೆ ಆಗಿರಬಹುದು, ಇಲ್ಲವೇ ಟ್ಯೂನಾ ಇಲ್ಲದೇ ಇರಬಹುದು. ಜಗತ್ತು ಎರಡನೆಯದನ್ನು ಮಾತ್ರ ಕೇಳಿಸಿಕೊಂಡಿತು. ಆದರೆ ಅದಕ್ಕೂ ಕೆಲವು ತಿಂಗಳ ಹಿಂದೆ ಇನ್ನೊಂದು ಟಿವಿ ಕಾರ್ಯಕ್ರಮದವರು ನ್ಯೂಯಾರ್ಕ್‌ನ ಮಳಿಗೆಗಳ ಮಾದರಿ ಪರೀಕ್ಷಿಸಿದಾಗ ಟ್ಯೂನಾ ಸಿಕ್ಕಿತ್ತು!

ಎರಡೂ ನಿಜ ಇರಲು ಸಾಧ್ಯವೇ? ಸಾಧ್ಯ. ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಿ. ಪಿಸಿಆರ್ ಎಂಬ ಪರೀಕ್ಷೆ ಮಾಡುವುದು ಏನು? ಡಿಎನ್‌ಎ ಎಂಬ ದಪ್ಪ ಪುಸ್ತಕದಲ್ಲಿ ಒಂದೇ ಒಂದು ಗೊತ್ತಿರುವ ಸಾಲನ್ನು ಹುಡುಕಿ, ಆ ಸಾಲಿನ ಲಕ್ಷಾಂತರ ಪ್ರತಿ ತೆಗೆಯುವುದು. ಪುಟ ಹರಿದಿದ್ದರೂ ಆ ಸಾಲು ಇಡಿಯಾಗಿ ಉಳಿದಿದ್ದರೆ ಸಿಗುತ್ತದೆ. ಪುಸ್ತಕವನ್ನು ಅಕ್ಷರ ಅಕ್ಷರ ಹರಿದು ಹಾಕಿದ್ದರೆ ಸಿಗುವುದಿಲ್ಲ. ಡಬ್ಬದ ಟ್ಯೂನಾವನ್ನು ಮೊದಲು ಒಮ್ಮೆ ಬೇಯಿಸುತ್ತಾರೆ, ಡಬ್ಬ ಮುಚ್ಚಿದ ಮೇಲೆ ಒತ್ತಡದಲ್ಲಿ ನೂರು ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಇನ್ನೊಮ್ಮೆ ಬೇಯಿಸುತ್ತಾರೆ. ಆಮೇಲೆ ಹುಳಿ ಇರುವ ಮೇಯೊನೀಸ್ ಎಂಬ ಬಿಳಿ ಸಾಸು ಕಲಸುತ್ತಾರೆ. ಶಾಖವೂ ಹುಳಿಯೂ ಸೇರಿ ಡಿಎನ್‌ಎ ಎಳೆಗಳನ್ನು ತುಂಡು ತುಂಡು ಮಾಡುತ್ತವೆ. ನನ್ನ ತರಗತಿಯಲ್ಲಿ ಲವಣ ಪರೀಕ್ಷೆ ಮಾಡುವ ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದೆ: ‘ಇಲ್ಲ’ ಬೇರೆ, ‘ಸಿಗಲಿಲ್ಲ’ ಬೇರೆ. ರೆಕಾರ್ಡ್ ಪುಸ್ತಕದಲ್ಲಿ ಒಂದರ ಬದಲು ಇನ್ನೊಂದನ್ನು ಬರೆದರೆ ಅಂಕ ಕಳೆಯುತ್ತಿದ್ದೆ.

ಆ ಮೊಕದ್ದಮೆ ಮುಂದೆಯೂ ತಿರುವು ಪಡೆಯಿತು. ದಾವೆ ಹೂಡಿದವರು 20 ಮಾದರಿಗಳ ಪರೀಕ್ಷೆಯನ್ನು ಕೋರ್ಟಿನ ಮುಂದಿಟ್ಟರು. 19ರಲ್ಲಿ ಟ್ಯೂನಾ ಡಿಎನ್‌ಎ ಸಿಕ್ಕಿರಲಿಲ್ಲ, ಕೋಳಿ, ಹಂದಿ, ದನದ ಡಿಎನ್‌ಎ ಕಂಡಿತ್ತು. ಬೇರೆ ಮಾಂಸದ ಸ್ಯಾಂಡ್‌ವಿಚ್ ಕಟ್ಟಿದ ಕೈಯಿಂದಲೋ, ಮೇಯೊನೀಸ್‌ನ ಮೊಟ್ಟೆಯಿಂದಲೋ ಅದು ಬಂದಿರಬಹುದು ಎಂದು ಕಂಪನಿ ವಾದಿಸಿತು. 2023ರಲ್ಲಿ ಮೊಕದ್ದಮೆ ವಜಾ ಆಯಿತು. ಅಷ್ಟು ಲ್ಯಾಬು, ಅಷ್ಟು ವಕೀಲರು, ಎರಡೂವರೆ ವರ್ಷ. ಮೀನಿನ ಪ್ರಶ್ನೆಗೆ ತೀರ್ಪು ಬರಲೇ ಇಲ್ಲ.

ಈಗ ಇದಕ್ಕೆ ಪೂರ್ತಿ ವಿರುದ್ಧವಾದದ್ದು ನೋಡಿ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ 27 ಬೀಫ್ ಬರ್ಗರ್‌ಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. 10ರಲ್ಲಿ ಕುದುರೆಯ ಡಿಎನ್‌ಎ, 23ರಲ್ಲಿ ಹಂದಿಯ ಡಿಎನ್‌ಎ. ಒಂದು ಮಾದರಿಯಲ್ಲಂತೂ ಮಾಂಸದ ಶೇ 29ರಷ್ಟು ಕುದುರೆಯದೇ. ಬೇಯಿಸದ, ಹೆಪ್ಪುಗಟ್ಟಿದ ಮಾಂಸವಾದ್ದರಿಂದ ಡಿಎನ್‌ಎ ಹಾಳಾಗಿರಲಿಲ್ಲ, ಉತ್ತರ ಸ್ಪಷ್ಟವಾಗಿ ಬಂತು. ಆಮೇಲೆ ಯೂರೋಪಿನ ದೇಶದಿಂದ ದೇಶಕ್ಕೆ ದಲ್ಲಾಳಿಗಳ ಕೈ ಬದಲಾಗುತ್ತ ಬಂದ ಮಾಂಸದ ಜಾಡು ಹೊರಬಿತ್ತು. ಗ್ರಾಹಕರು ತಿಂದಿದ್ದರೂ ರುಚಿಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಹಂದಿ ನಿಷಿದ್ಧವಾದ ಧರ್ಮದವರು ಆ ಊಟ ಮಾಡಿದ್ದರು. ಯಾರಿಗೂ ಹೊಟ್ಟೆ ನೋಯಲಿಲ್ಲ ಎನ್ನುವುದು ಅವರಿಗೆ ಸಮಾಧಾನವೇ? ನನಗಂತೂ ಅಲ್ಲ ಅನ್ನಿಸುತ್ತದೆ. ತಿನ್ನುವವರಿಗೆ ತಮ್ಮ ತಟ್ಟೆಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕು ಆರೋಗ್ಯಕ್ಕಿಂತ ಬೇರೆಯದೇ ಆದ ಒಂದು ಹಕ್ಕು.

ನಮ್ಮ ರಾಜ್ಯದ್ದೇ ಒಂದು ಘಟನೆ ಇದೆ. 2024ರ ಜುಲೈನಲ್ಲಿ ಬೆಂಗಳೂರಿನ ರೈಲು ನಿಲ್ದಾಣಕ್ಕೆ ರಾಜಸ್ಥಾನದಿಂದ ಬಂದ ಮಾಂಸದ ಪೆಟ್ಟಿಗೆಗಳಲ್ಲಿ ಇರುವುದು ನಾಯಿ ಮಾಂಸ ಎಂದು ದೊಡ್ಡ ಗಲಾಟೆ ಆಯಿತು. ಶಿವಮೊಗ್ಗದ ಎಷ್ಟು ಮನೆಯ ವಾಟ್ಸಾಪ್‌ಗೆ ಆ ವಿಡಿಯೊ ಬಂತೋ ನಿಮಗೇ ಗೊತ್ತು. ನನಗೆ ಮೂರು ಗುಂಪಿನಿಂದ ಬಂತು. ಪರೀಕ್ಷೆಯಲ್ಲಿ ಅದು ಕುರಿ ಮಾಂಸ ಎಂದು ಗೊತ್ತಾಯಿತು. ಆ ವರದಿ ನನಗೆ ಒಂದೇ ಒಂದು ಗುಂಪಿನಿಂದಲೂ ಬರಲಿಲ್ಲ. ಅನುಮಾನ ಪಡುವವರಿಗೂ ಒಂದು ಕರ್ತವ್ಯ ಇದೆ. ಉತ್ತರ ಬಂದಾಗ ಅದನ್ನೂ ಅಷ್ಟೇ ದೂರ ಮುಟ್ಟಿಸಬೇಕು. ಇಲ್ಲದಿದ್ದರೆ ಮಾಂಸ ಮಾರಿ ಬದುಕುವ ಬಡವನ ಅನ್ನಕ್ಕೆ ಕಲ್ಲು ಹಾಕಿದ ಹಾಗಾಗುತ್ತದೆ.

ಸಸ್ಯಾಹಾರಿಗಳಿಗೆ ಸಂಬಂಧಿಸಿದ ಹಳೆಯ ಪ್ರಕರಣ ಒಂದನ್ನು ಚುಟುಕಾಗಿ ಹೇಳುತ್ತೇನೆ. ಮೆಕ್‌ಡೊನಾಲ್ಡ್ಸ್ 1990ರಲ್ಲಿ ಅಮೆರಿಕದಲ್ಲಿ ಆಲೂ ಫ್ರೈಗೆ ಸಸ್ಯಜನ್ಯ ಎಣ್ಣೆ ಬಳಸುವುದಾಗಿ ಪ್ರಕಟಿಸಿತು. ಆದರೆ ‘ನೈಸರ್ಗಿಕ ಸ್ವಾದ’ ಎಂಬ ಎರಡು ಪದದ ಹಿಂದೆ ದನದ ಮಾಂಸದಿಂದ ತೆಗೆದ ಅಂಶ ಇತ್ತು. 2001ರಲ್ಲಿ ಅಲ್ಲಿನ ಹಿಂದೂಗಳೂ ಇತರ ಸಸ್ಯಾಹಾರಿಗಳೂ ದಾವೆ ಹೂಡಿದರು. ಮರುವರ್ಷ ಕಂಪನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಮಳಿಗೆಗಳಲ್ಲಿ ಆ ಅಂಶ ಬಳಸುವುದಿಲ್ಲ ಎಂದು ಕಂಪನಿ ಆಗಲೇ ಸ್ಪಷ್ಟಪಡಿಸಿತ್ತು. ನಾನು ಇದನ್ನು ಎತ್ತಿದ್ದು ಬೇರೆ ಕಾರಣಕ್ಕೆ. ಇಲ್ಲಿ ಯಾವ ಲ್ಯಾಬೂ ಬೇಕಾಗಲಿಲ್ಲ. ಏನು ಹಾಕಿದ್ದೀರಿ ಎಂದು ಕೇಳಿದರು, ಹೇಳಬೇಕಾಯಿತು, ಅಷ್ಟೇ.

ಸರಿ, ನಮ್ಮ ಪೇಟೆಗೆ ಬರೋಣ. ಸ್ಯಾಂಡ್‌ವಿಚ್‌ನ ಒಂದೊಂದೇ ಪದರ ಬಿಡಿಸಿದರೆ ಅನುಮಾನ ಎಲ್ಲಿ ಪಡಬೇಕು, ಎಲ್ಲಿ ಬೇಡ ಎನ್ನುವುದು ತಿಳಿಯುತ್ತದೆ.

ಬ್ರೆಡ್ಡಿನ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ಒಳ್ಳೆಯ ಪಾಠ ಸಿಕ್ಕಿದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2016ರ ಮೇ ತಿಂಗಳಲ್ಲಿ 38 ಬ್ರೆಡ್ ಉತ್ಪನ್ನಗಳ ಪರೀಕ್ಷೆಯ ವರದಿ ಹೊರತಂದಿತು. ಶೇ 84ರಷ್ಟರಲ್ಲಿ ಹಿಟ್ಟನ್ನು ಹದಗೊಳಿಸಲು ಹಾಕುವ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಎಂಬ ರಾಸಾಯನಿಕ ಕಂಡಿತ್ತು. ಮುಂದಿನ ತಿಂಗಳೇ ಬ್ರೋಮೇಟನ್ನು ಅನುಮತಿ ಪಟ್ಟಿಯಿಂದ ತೆಗೆದರು. ಲೆಕ್ಕವಿಟ್ಟು ಕೇಳಿದ ಪ್ರಶ್ನೆಗೆ ಬಲ ಎಷ್ಟಿದೆ ನೋಡಿ.

ಬಿಳಿ ಸಾಸು, ಅಂದರೆ ಮೇಯೊನೀಸ್. ಮೂಲದಲ್ಲಿ ಅದು ಹಸಿ ಮೊಟ್ಟೆಯ ಹಳದಿಗೆ ಎಣ್ಣೆ ಕಡೆದು ಮಾಡುವ ಪದಾರ್ಥ. ಹಸಿ ಮೊಟ್ಟೆ ಸೆಖೆಯಲ್ಲಿ ಕೆಡುತ್ತದೆಂದು ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮೇಯೊನೀಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ನಮ್ಮಲ್ಲಿ ಪ್ಯಾಕೆಟ್‌ನಲ್ಲಿ ಬರುವ ವೆಜ್ ಮೇಯೊದಲ್ಲಿ ಮೊಟ್ಟೆ ಇರುವುದಿಲ್ಲ. ಎಣ್ಣೆ, ನೀರು, ಸಕ್ಕರೆ, ಗಟ್ಟಿ ಮಾಡಲು ಪಿಷ್ಟ, ಅಂಟು. ಅದರಲ್ಲಿ ವಿಷ ಏನೂ ಇಲ್ಲ, ಪೌಷ್ಟಿಕಾಂಶವೂ ಹೆಚ್ಚಿಲ್ಲ. ‘ಹಾಲಿನಂತೆ ಬೆಳ್ಳಗಿದೆ, ಮಗುವಿಗೆ ಒಳ್ಳೆಯದು’ ಎಂದುಕೊಳ್ಳುವ ತಾಯಂದಿರಿದ್ದಾರೆ, ಅವರಿಗಾಗಿ ಹೇಳಿದೆ.

ಚೀಸ್ ಮತ್ತು ಪನೀರ್ ಕಡೆ ಮಾತ್ರ ನಿಜವಾಗಿಯೂ ಎಚ್ಚರ ಬೇಕು. ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆ ಸೇರಿಸಿ ಅದೇ ರೂಪದ ಪದಾರ್ಥ ಮಾಡಬಹುದು. ಮಾಡುವುದು ತಪ್ಪಲ್ಲ. ಅದನ್ನು ಪನೀರ್, ಚೀಸ್ ಎಂಬ ಹೆಸರಲ್ಲಿ ಮಾರುವುದು ಕಾನೂನಿನ ಪ್ರಕಾರ ತಪ್ಪು. ಪನೀರಿಗೆ ಪಿಷ್ಟ ಬೆರೆಸಿದ್ದರೆ ಮನೆಯಲ್ಲೇ ಕಂಡುಹಿಡಿಯಬಹುದು. ಚೂರನ್ನು ನೀರಲ್ಲಿ ಕುದಿಸಿ, ಆರಿಸಿ, ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಎರಡು ಹನಿ ಬಿಟ್ಟರೆ ನೀಲಿ ಬರುತ್ತದೆ. ಆದರೆ ನೀಲಿ ಬರಲಿಲ್ಲ ಎಂದ ಮಾತ್ರಕ್ಕೆ ಶುದ್ಧ ಎಂದು ಬರೆದುಕೊಳ್ಳಬೇಡಿ. ಪಾಮ್ ಎಣ್ಣೆಯನ್ನು ಅಯೋಡಿನ್ ತೋರಿಸುವುದಿಲ್ಲ.

ಬಣ್ಣದ ವಿಷಯ ನಿಮಗೆಲ್ಲ ನೆನಪಿರಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಲ್ಲಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಅಂದರೆ ವಿದೇಶಿ ಕಂಪನಿಯ ಮೀನಿನ ಬಗ್ಗೆ ಚಿಂತಿಸುವ ಮೊದಲು ನಮ್ಮ ಬೀದಿಯ ಕೆಂಪು ಹೂಕೋಸಿನ ಬಗ್ಗೆ ಕೇಳಬೇಕಿತ್ತು.

ಕೇಳುವುದಕ್ಕೆ ದಾರಿ ಇದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006. ಅದರ 40ನೇ ಕಲಂ ಪ್ರಕಾರ ಸಾಮಾನ್ಯ ಗ್ರಾಹಕರು ಕೂಡ ತಾವು ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ಪರೀಕ್ಷೆ ಮಾಡಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಇಲ್ಲಿ ನೆರೆದಿರುವ ಎಷ್ಟು ಜನರಿಗೆ ಈ ಕಲಂ ಗೊತ್ತಿತ್ತು? ಕೈ ಎತ್ತಿ. ಇಬ್ಬರು. ವಿಡಿಯೊ ಕಳಿಸುವ ಕೈಗಳು ಇದಕ್ಕಿಂತ ಹೆಚ್ಚಿವೆ ಎಂದು ನನಗೆ ಬೇಸರವಾಗುತ್ತದೆ. ಲ್ಯಾಬಿಗೂ ಮೊದಲಿನ ಮೆಟ್ಟಿಲು ಇನ್ನೂ ಸುಲಭ. ಡಬ್ಬದ ಮೇಲಿನ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ, ಇದು ನಿಯಮ. ಪಟ್ಟಿಯ ಮೊದಲ ನಾಲ್ಕು ಹೆಸರು ನೋಡಿದರೆ ಮುಕ್ಕಾಲು ಉತ್ತರ ಸಿಕ್ಕಿತು.

ದುರ್ಗಿಗುಡಿಯ ಹುಡುಗನಿಗೆ ನಾನು ಅವತ್ತು ಇಷ್ಟೇ ಹೇಳಿ ಬಂದಿದ್ದೆ: ‘ಖಾಲಿ ಡಬ್ಬ ಎಸೆಯೋ ಮೊದಲು ಒಂದು ಎತ್ತಿಡಪ್ಪಾ.’ ಎತ್ತಿಡುತ್ತಾನೆ ಎಂದು ನನಗೆ ನಂಬಿಕೆ ಇರಲಿಲ್ಲ. ಹದಿನೈದು ದಿನ ಬಿಟ್ಟು ಹೋದರೆ ಕೌಂಟರಿನ ಕೆಳಗಿನಿಂದ ಮಡಚಿದ ರಟ್ಟು ತೆಗೆದ. ಮೊಮ್ಮಗಳು ಅಲ್ಲೇ ನಿಂತು ಗಟ್ಟಿಯಾಗಿ ಓದಿದಳು. ಆಲೂಗಡ್ಡೆ, ನೀರು, ಮೈದಾ, ಪಾಮ್ ಎಣ್ಣೆ, ಬಟಾಣಿ, ಸೋಯಾ ಪ್ರೋಟೀನ್, ಕ್ಯಾರೆಟ್, ಉಪ್ಪು, ಮಸಾಲೆ, ಐಎನ್‌ಎಸ್ 461. ಹುಡುಗ ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದವನು, ‘ಆಂಟಿ, ಈ 461 ಅಂದ್ರೇನು?’ ಎಂದ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ. 461 ಎಂದರೆ ಮೀಥೈಲ್ ಸೆಲ್ಯುಲೋಸ್. ಗಿಡಮರದ ನಾರಿನಿಂದ ಮಾಡಿದ್ದು. ಉಳಿದ ಅಂಟುಗಳು ಕಾದಾಗ ಕರಗಿದರೆ ಇದು ಕಾದಾಗ ಗಟ್ಟಿಯಾಗಿ, ತಣಿದಾಗ ಮೆದುವಾಗುತ್ತದೆ. ಅದಕ್ಕೇ ಪ್ಯಾಟಿ ಎಣ್ಣೆಯಲ್ಲಿ ಒಡೆಯುವುದಿಲ್ಲ. ‘ಓ, ಅದಕ್ಕೇ ಮನೇಲಿ ಮಾಡಿದ್ದು ಒಡೆದುಹೋಗುತ್ತೆ, ಇದು ಹೋಗಲ್ಲ’ ಎಂದ ಆ ಹುಡುಗ, ಆರು ತಿಂಗಳಿಂದ ದಿನಾ ಕರಿಯುತ್ತಿದ್ದವನು.

ರಟ್ಟನ್ನು ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಅಯೋಡಿನ್ ಸೀಸೆಯೂ ನಿನ್ನೆ ಗಾಂಧಿ ಬಜಾರಿನಿಂದ ತಂದ ಎರಡು ಬಗೆಯ ಪನೀರೂ ಇವೆ. ಹಿಂದಿನ ಸಾಲಿನವರು ಮುಂದೆ ಬನ್ನಿ, ನೀವೇ ಹನಿ ಬಿಡಿ.